ದೀಪ ದೊಡ್ಡದು ಮಾಡಿದ್ದು

ಬೇರೆಯವರು ಮಾಡಿಟ್ಟ ಕೆಟ್ಟ ವೈರಿಂಗ್ ಕಂಡರೆ ನನಗೆ ಮೈ ಉರಿಯುತ್ತದೆ. ಇದು ನನ್ನ ಕಸುಬಿನ ರೋಗ. ಮದುವೆ ಊಟಕ್ಕೆ ಕೂತರೂ ನನ್ನ ಕಣ್ಣು ಎಲೆಯ ಮೇಲೆ ಇರುವುದಿಲ್ಲ, ಗೋಡೆಯ ಸ್ವಿಚ್ ಬೋರ್ಡಿನ ಮೇಲೆ ಇರುತ್ತದೆ. ಅಲ್ಲಿ ಒಂದು ಸ್ಕ್ರೂ ಕಡಿಮೆಯಾಗಿದ್ದರೆ ಪಾಯಸ ಬರುವವರೆಗೂ ಈ ಮನುಷ್ಯನಿಗೆ ಅದೇ ಚಿಂತೆ ಎಂದು ಹೆಂಡತಿ ಛೇಡಿಸುತ್ತಾಳೆ. ಮುಂಬೈಯ ಹೋಟೆಲುಗಳ ಅಡುಗೆಮನೆಯಲ್ಲಿ, ಹೊಗೆ ಮತ್ತು ಎಣ್ಣೆಜಿಡ್ಡಿನ ನಡುವೆ ವೈರ್ ಎಳೆದು ಕಲಿತವನು ನಾನು. ಊರಿಗೆ ಬಂದು ಬ್ರಹ್ಮಾವರದಲ್ಲಿ ಸಣ್ಣದೊಂದು ಎಲೆಕ್ಟ್ರಿಕಲ್ ಅಂಗಡಿ ಇಟ್ಟು ವರ್ಷಗಳಾದರೂ ಆ ಗುಣ ಬಿಟ್ಟಿಲ್ಲ.

ಅಂಥವನು ನನ್ನ ಚಿಕ್ಕಯ್ಯನ ದೋಣಿಯ ವೈರಿಂಗನ್ನು ಅಷ್ಟು ಕಾಲ ಹೇಗೆ ಸಹಿಸಿಕೊಂಡಿದ್ದೆನೋ ದೇವರಿಗೇ ಗೊತ್ತು. ಚಿಕ್ಕಯ್ಯ ಅಂದರೆ ಅಪ್ಪಯ್ಯನ ತಮ್ಮ. ಪ್ರಾಯದಲ್ಲಿ ಹಂಚು ಸಾಗಿಸುವ ಹಾಯಿ ಹಡಗಿನಲ್ಲಿ ತಿರುಗಿದವರು, ಆಮೇಲೆ ಮೀನಿನ ಬೋಟುಗಳಲ್ಲಿ ಚುಕ್ಕಾಣಿ ಹಿಡಿದು ದುಡಿದವರು. ದುಡಿಮೆ ಸಾಕೆನಿಸಿದ ಮೇಲೆ ಅವರ ಓರಗೆಯವರೆಲ್ಲ ಜಗಲಿಯಲ್ಲಿ ಕೂತು ಪೇಪರ್ ಓದಿದರೆ, ಇವರು ಹಂಗಾರಕಟ್ಟೆಯಲ್ಲಿ ಯಾರೋ ಬಿಟ್ಟುಹೋದ ದೋಣಿಯೊಂದನ್ನು ಹಿಡಿದು, ಅದಕ್ಕೆ ಕಂಬ ನಿಲ್ಲಿಸಿ, ಹಾಯಿ ಹೊಲಿಸಿ, ನಡುವೆ ತಲೆ ತಗ್ಗಿಸಿ ನುಗ್ಗಬೇಕಾದಂಥ ಪುಟ್ಟ ಕ್ಯಾಬಿನ್ ಕಟ್ಟಿಸಿದರು. ಇಂಜಿನ್ ಕಾಲದಲ್ಲಿ ಹಾಯಿ ಕಟ್ಟಿದ್ದಕ್ಕೆ ಊರೇ ನಕ್ಕಿತು. ಚಿಕ್ಕಯ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆಗಾಲ ಒಂದು ಬಿಟ್ಟು ಸಂಜೆ ಸಂಜೆ ಹೆಂಡತಿಯನ್ನು, ಅಂದರೆ ನನ್ನ ಚಿಕ್ಕಿಯನ್ನು, ಕೂರಿಸಿಕೊಂಡು ಹೊಳೆ ಕಡಲು ಸೇರುವ ಅಳಿವೆಯ ತನಕ ಹೋಗುವುದು, ಕತ್ತಲಾಗುವಾಗ ಕಡಲ ಗಾಳಿ ಹಿಡಿದು ತಿರುಗಿ ಬರುವುದು. ಹೋಗುವುದು ಬರುವುದು ಅಷ್ಟೇ, ಅದರಿಂದ ಒಂದು ಬಂಗುಡೆ ಮೀನೂ ಮನೆಗೆ ಬಂದದ್ದಿಲ್ಲ.

ಕ್ಯಾಬಿನ್ ಚಿಕ್ಕಿಯ ರಾಜ್ಯ. ಒಂದು ಸಣ್ಣ ಸ್ಟವ್, ಚಾ ಮಾಡುವ ಪಾತ್ರೆ, ಎರಡು ಸ್ಟೀಲ್ ಲೋಟ, ಒಂದು ಡಬ್ಬಿ ಅವಲಕ್ಕಿ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದವನಲ್ಲ. ಅವರಿಗೆ ಇವರು ‘ಹ್ವಾಯ್’, ಇವರಿಗೂ ಅವರು ‘ಹ್ವಾಯ್’. ಯಾವ ಹ್ವಾಯ್ ಅಂದರೆ ಚಾ ಬೇಕು, ಯಾವ ಹ್ವಾಯ್ ಅಂದರೆ ಚಾ ಆಯಿತು ಎಂಬುದು ಅವರಿಬ್ಬರಿಗೆ ಮಾತ್ರ ತಿಳಿಯುತ್ತಿತ್ತು. ಚಿಕ್ಕಂದಿನಿಂದ ಅವರ ಮನೆಯಲ್ಲೇ ಅರ್ಧ ಬೆಳೆದವನು ನಾನು. ಆ ಎರಡು ಹ್ವಾಯ್‌ಗಳ ನಡುವೆ ಕೂತರೆ ನನಗೆ ಈಗಲೂ ಸುಖವೆನಿಸುತ್ತದೆ.

ಇನ್ನು ಆ ದೀಪಗಳ ಕಥೆ. ಚಿಕ್ಕಯ್ಯ ತಾವೇ ಹಾಕಿಕೊಂಡದ್ದು. ಯಾವುದೋ ಲಾರಿಯ ಹಳೇ ಬ್ಯಾಟರಿ, ಕರೆಗಂಟೆಗೆ ಹಾಕುವ ಸಪೂರ ವೈರ್, ರಿಕ್ಷಾದಿಂದ ಕಳಚಿದ ಬಲ್ಬುಗಳು. ಬಲ್ಬು ಉರಿದರೆ ಅದನ್ನು ನೋಡಲು ಇನ್ನೊಂದು ಬಲ್ಬು ಬೇಕು, ಅಂಥ ಬೆಳಕು. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುತ್ತಿದ್ದದ್ದು ಜಾಯಿಂಟುಗಳು. ಬಲೆ ಹೆಣೆದು ಪಳಗಿದ ಕೈ, ವೈರ್ ಸಿಕ್ಕಿದರೂ ಅದಕ್ಕೆ ಬಲೆಯ ಗಂಟೇ ಹಾಕಿದ್ದರು. ಎರಡು ವೈರುಗಳನ್ನು ಹೊಸೆದು ಟೇಪ್ ಸುತ್ತುವ ಬದಲು ಚಂದ ಮಾಡಿ ಗಂಟು ಕಟ್ಟಿ, ಬಿಗಿದು, ಮೇಲೆ ಮೇಣ ಸವರಿದ್ದರು. ಸರಿ ಮಾಡಿಕೊಡುತ್ತೇನೆ ಎಂದು ನಾನು ಎಷ್ಟು ಸಲ ಹೇಳಿದರೂ ಬೆಳಕು ಬರುತ್ತದಲ್ಲ ಎಂಬ ಒಂದೇ ಉತ್ತರ. ಸಮುದ್ರವನ್ನೇ ಕಂಡವರಿಗೆ ಕರೆಂಟಿನ ಬಗ್ಗೆ ಬುದ್ಧಿ ಹೇಳುವುದು ಕಷ್ಟ.

ಹೋದ ವರ್ಷ ಚಿಕ್ಕಿಯ ಕಣ್ಣು ಮಂಜಾಗತೊಡಗಿತು. ಪೊರೆ ಇರಬಹುದು, ತೆಗೆಸಿದರೆ ಆಯಿತು ಎಂದುಕೊಂಡು ಕುಂದಾಪುರಕ್ಕೆ ಕರೆದುಕೊಂಡು ಹೋದೆ. ಪೊರೆಯಲ್ಲ, ಕಣ್ಣಿನ ನರ ಸೊರಗಿದೆ, ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದನ್ನು ಕಣ್ಣಿಗೆ ಔಷಧದ ಹನಿ ಹಾಕಿ ಉಳಿಸಿಕೊಳ್ಳಬೇಕು ಎಂದರು ಡಾಕ್ಟರು. ನೇರ ನೋಡಿದ್ದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಮಬ್ಬು ಬೆಳಕಿನಲ್ಲಂತೂ ಏನೂ ಇಲ್ಲ. ಬರುವ ದಾರಿಯಲ್ಲಿ ಕಾರಿನಲ್ಲಿ ಚಿಕ್ಕಿ ಆರಾಮವಾಗಿಯೇ ಮಾತಾಡುತ್ತಿದ್ದರು. ಮಾತು ನಿಂತದ್ದು ಚಿಕ್ಕಯ್ಯನದು.

ಅದಾಗಿ ಸ್ವಲ್ಪ ಸಮಯಕ್ಕೆ ಒಂದು ಸಂಜೆ ದೋಣಿಯಲ್ಲಿ ಚಾ ಲೋಟ ಹಿಡಿದು ಕ್ಯಾಬಿನ್ನಿನಿಂದ ಮೇಲೆ ಬರುವಾಗ ಚಿಕ್ಕಿಗೆ ಮೆಟ್ಟಿಲು ಕಾಣಲಿಲ್ಲ. ಎಡವಿ ಬಿದ್ದರು, ಬಿಸಿ ಚಾ ಕೈಗೆ ಚೆಲ್ಲಿತು. ಸುಟ್ಟ ಗಾಯ ದೊಡ್ಡದೇನೂ ಅಲ್ಲ, ಬೇಗ ಒಣಗಿತು. ಚಿಕ್ಕಯ್ಯನ ಮನಸ್ಸಿನದು ಮಾತ್ರ ಒಣಗಲಿಲ್ಲ. ಆಮೇಲೆ ಅವರು ಚಿಕ್ಕಿಯನ್ನು ದೋಣಿಗೆ ಹತ್ತಿಸಲಿಲ್ಲ. ಕೆಲವು ದಿನ ಒಬ್ಬರೇ ಹೋಗಿ ಬಂದರು, ಮತ್ತೆ ಅದನ್ನೂ ಬಿಟ್ಟರು. ಹಾಯಿ ಸುತ್ತಿ ಕಟ್ಟಿದ್ದು ಕಟ್ಟಿದಂತೆಯೇ ಉಳಿಯಿತು.

ಚಿಕ್ಕಿ ದೂರಲಿಲ್ಲ, ಹಟ ಮಾಡಲಿಲ್ಲ. ಸಂಜೆ ದೋಣಿ ಬಿಡುವ ಹೊತ್ತಿಗೆ ಸರಿಯಾಗಿ ಮನೆಯ ಹಿಂದಿನ ಕಟ್ಟೆಯ ಮೇಲೆ ಹೊಳೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಗಾಳಿ ಕೆನ್ನೆಗೆ ತಾಗಿದಾಗ ‘ಗಾಳಿ ಬಂತ್’ ಎನ್ನುತ್ತಿದ್ದರು. ಯಾರಿಗೆ ಹೇಳಿದ್ದೂ ಅಲ್ಲ. ಒಳಗೆ ಕೂತ ಚಿಕ್ಕಯ್ಯನಿಗೆ ಅದು ಕೇಳುತ್ತಿತ್ತು. ನಾನು ಹೋದ ದಿನ ನನಗೂ ಕೇಳಿತು.

ಈ ನಡುವೆ ಕಿರಿಮಂಜೇಶ್ವರದ ಹತ್ತಿರ ರೆಸಾರ್ಟ್ ಕಟ್ಟುತ್ತಿದ್ದ ಒಬ್ಬರಿಗೆ ಆ ದೋಣಿಯ ಮೇಲೆ ಕಣ್ಣು ಬಿತ್ತು. ಅದನ್ನು ನೀರಿಗೆ ಇಳಿಸುವ ಯೋಚನೆ ಅವರಿಗಿರಲಿಲ್ಲ. ತೋಟದಲ್ಲಿ ಹುಲ್ಲಿನ ಮೇಲೆ ನಿಲ್ಲಿಸಿ, ಬಂದವರು ಹತ್ತಿ ಕೂತು ಫೋಟೊ ತೆಗೆಸಿಕೊಳ್ಳಲಿ ಎಂದು. ಚಿಕ್ಕಯ್ಯ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ ಎಂದು ಚಿಕ್ಕಿ ಫೋನಿನಲ್ಲಿ ಹೇಳಿದರು. ಅವರ ದನಿ ಅಂದು ತುಂಬ ಸಣ್ಣದಾಗಿತ್ತು. ನನಗೆ ಆ ರೆಸಾರ್ಟಿನವರ ಮೇಲೆ, ಚಿಕ್ಕಯ್ಯನ ಮೇಲೆ, ಹುಲ್ಲಿನ ಮೇಲೆ ಕೂಡ ಸಿಟ್ಟು ಬಂತು.

ಹಾಗಿರುವಾಗ ಒಂದು ಬೆಳಿಗ್ಗೆ ಚಿಕ್ಕಯ್ಯ ನನ್ನ ಅಂಗಡಿಗೇ ಬಂದರು. ಅವರು ಬ್ರಹ್ಮಾವರಕ್ಕೆ ಬರುವುದೇ ಅಪರೂಪ. ಕೂರಿ ಎಂದರೆ ಕೂರಲಿಲ್ಲ. ಗಿರಾಕಿಗಳು ಹೋಗುವವರೆಗೆ ಸೀಲಿಂಗ್ ಫ್ಯಾನುಗಳ ಕೆಳಗೆ ನಿಂತಿದ್ದು, ಮತ್ತೆ ಎಲ್ಲೋ ನೋಡುತ್ತ ಹೇಳಿದರು.

“ಮಗಾ, ದೋಣಿ ಒಳ್ಗಿನ್ ದೀಪ ಎಲ್ಲ ದೊಡ್ಡದ್ ಮಾಡಿ ಬಿಡ್. ನಂಗ್ ಕೈ ಬತ್ತಿಲ್ಲೆ.”

ನನಗೆ ಕುಣಿಯಬೇಕು ಅನ್ನಿಸಿತು. ದೋಣಿ ಕೊಡುವವರು ಯಾರಾದರೂ ದೀಪ ದೊಡ್ಡದು ಮಾಡಿಸುತ್ತಾರೆಯೇ? ಚಿಕ್ಕಿಗೆ ಮೆಟ್ಟಿಲು ಕಾಣಲಿ ಎಂದೇ ಇದು, ಅಂತೂ ಮುದುಕ ಸೋತರು ಎಂದುಕೊಂಡೆ. ಕೈ ಬರುವುದಿಲ್ಲ ಎಂದದ್ದಕ್ಕೆ, ಕೊನೆಗೂ ನಿಮಗೆ ವೈರಿಂಗ್ ಬರುವುದಿಲ್ಲ ಎಂದು ಒಪ್ಪಿಕೊಂಡಿರಲ್ಲ ಎಂದು ತಮಾಷೆಯನ್ನೂ ಮಾಡಿದೆ. ಅವರು ನಗಲಿಲ್ಲ. ತಂಗಿಯ ಮಗಳು ಹೊಸ ಮನೆ ಕಟ್ಟಿದ್ದಾಳೆ, ಮನೆಒಕ್ಕಲಿಗೆ ವಂಡ್ಸೆಗೆ ಹೋಗುತ್ತೇನೆ, ಎರಡು ದಿನ ಅಲ್ಲೇ ಇದ್ದು ಬರುತ್ತೇನೆ, ಅಷ್ಟರೊಳಗೆ ಮುಗಿಸಿಬಿಡು ಎಂದು ಹೇಳಿ ಹೊರಟರು. ಯಾರಾದರೂ ತಮ್ಮ ದೋಣಿಯ ಒಂದು ಮೊಳೆ ಮುಟ್ಟಿದರೂ ಪಕ್ಕದಲ್ಲೇ ನಿಂತು ಕಾಯುವ ಮನುಷ್ಯ, ಇಡೀ ಕ್ಯಾಬಿನ್ನನ್ನು ನನ್ನ ಕೈಗೆ ಬಿಟ್ಟು ಹೋಗುತ್ತಿದ್ದಾರಲ್ಲ ಎಂದು ಆಗ ಸ್ವಲ್ಪ ಸೋಜಿಗವಾಯಿತು. ಆದರೆ ಖುಷಿಯಲ್ಲಿದ್ದವನು ಅದನ್ನು ಹೆಚ್ಚು ಹೊತ್ತು ತಲೆಯಲ್ಲಿ ಇಟ್ಟುಕೊಳ್ಳಲಿಲ್ಲ.

ಸಾಮಾನು ಕಟ್ಟಿಕೊಂಡು ಹಂಗಾರಕಟ್ಟೆಗೆ ಹೋದೆ. ಮನೆಒಕ್ಕಲಿನ ಗದ್ದಲದಲ್ಲಿ ಕಣ್ಣು ಕಾಣದೆ ಯಾರ ಕಾಲು ತುಳಿಯಬೇಕು ಎಂದು ಚಿಕ್ಕಿ ಮನೆಯಲ್ಲೇ ಉಳಿದಿದ್ದರು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಬೆರಳಿನಲ್ಲಿ ಮುಟ್ಟಿ ಮುಟ್ಟಿ ಕಲ್ಲು ಹೆಕ್ಕುತ್ತಿದ್ದರು. ಚಿಕ್ಕಯ್ಯನಿಗೆ ಎಷ್ಟು ದೊಡ್ಡ ದೀಪ ಬೇಕಂತೆ ಎಂದು ಕೇಳಿದೆ. ಅವರ ಕೈ ನಿಂತಿತು. ಅವರು ಹೇಳಿದ್ದೇನು, ಅವರ ಮಾತಿನಲ್ಲೇ ಹೇಳು ಎಂದರು. ಹೇಳಿದೆ. ಚಿಕ್ಕಿ ಒಂದು ಕಲ್ಲು ಹೆಕ್ಕಿ ಆಚೆ ಎಸೆದರು. ಮತ್ತೆ ಅಕ್ಕಿಯಲ್ಲಿ ಬೆರಳಾಡಿಸುತ್ತ ಹೇಳಿದರು.

“ದೊಡ್ಡದ್ ಮಾಡ್ ಅಂದ್ರಲೆ? ಹಾಂಗಾರೆ ದೊಡ್ಡದ್ ಮಾಡ್, ಮಗಾ. ಲಾಯ್ಕ್ ಮಾಡಿ ಮಾಡ್.”

ಹಳೆಯದನ್ನೆಲ್ಲ ಕಿತ್ತೆ. ವೈರಿನ ಸಿಪ್ಪೆ ಸುಲಿದರೆ ಒಳಗೆ ತಾಮ್ರವಿರಲಿಲ್ಲ, ಹಸಿರು ಕಿಲುಬು ಇತ್ತು. ಉಪ್ಪುಗಾಳಿ ಹೊಕ್ಕು ಉದ್ದಕ್ಕೂ ತಿಂದಿತ್ತು. ಇದರಲ್ಲಿ ಇಷ್ಟು ವರ್ಷ ಕರೆಂಟು ಹರಿದದ್ದಾದರೂ ಹೇಗೆ ಎಂದು ಬೈಯುತ್ತಲೇ ಕತ್ತರಿಸಿದೆ. ಆದರೆ ಗಂಟುಗಳ ಹತ್ತಿರ ಬಂದಾಗ ಬೈಗುಳ ನಿಂತಿತು. ಒಂದೊಂದೂ ಒಂದೇ ಅಳತೆ, ಒಂದೇ ಬಿಗಿ. ಹೆಂಡತಿ ಚಾ ಮಾಡುವ ಜಾಗಕ್ಕೆ ಬೆಳಕು ಬರಲಿ ಎಂದು, ಬಾರದ ವಿದ್ಯೆಯಲ್ಲಿ ಒಬ್ಬ ಮನುಷ್ಯ ತನಗೆ ಬರುವ ವಿದ್ಯೆಯನ್ನೇ ಹಾಕಿ ಮಾಡಿದ ಕೆಲಸ. ಅದರಲ್ಲಿ ಒಂದು ಗಂಟನ್ನು ಕತ್ತರಿಸಿ ಕಿಸೆಗೆ ಹಾಕಿಕೊಂಡೆ. ಈಗಲೂ ಅಂಗಡಿಯ ಮೇಜಿನ ಡ್ರಾಯರಿನಲ್ಲಿದೆ.

ಹೊಸದಾಗಿ ತವರ ಬಳಿದ ತಂತಿ ಎಳೆದೆ. ಪ್ರತಿ ಜಾಯಿಂಟಿಗೂ ಬೆಸುಗೆ, ಮೇಲೆ ಬಿಸಿ ಮಾಡಿದರೆ ಮುದುಡಿ ಹಿಡಿದುಕೊಳ್ಳುವ ಕೊಳವೆ. ನೀರು ತಂತಿಯ ಗುಂಟ ಇಳಿದು ದೀಪದೊಳಗೆ ಹೋಗದಂತೆ, ದೀಪದ ಹತ್ತಿರ ಒಂದೊಂದು ಬಾಗು ಕೆಳಗೆ ಬಿಟ್ಟು ಮೇಲೆ ತಂದೆ. ಹೊಸ ಬ್ಯಾಟರಿ ಇಟ್ಟು ಕಿಲುಬು ಹಿಡಿಯದಂತೆ ಅದರ ತಲೆಗೆ ವ್ಯಾಸಲಿನ್ ಸವರಿದೆ. ಅಂಗಡಿಯಲ್ಲಿದ್ದ ಅತ್ಯಂತ ಪ್ರಖರವಾದ ಬಿಳಿ ಎಲ್‌ಇಡಿಗಳನ್ನು ತಲೆಯ ಮೇಲಿನ ಮಾಡಿಗೆ ಸಾಲಾಗಿ ಜೋಡಿಸಿ ಸ್ವಿಚ್ ಒತ್ತಿದಾಗ ಕ್ಯಾಬಿನ್ ಮದುವೆ ಚಪ್ಪರದಂತಾಯಿತು. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಚಿಕ್ಕಿಯನ್ನು ಕೈ ಹಿಡಿದು ಕರೆತಂದೆ. ಬಿದ್ದ ದಿನದ ನಂತರ ಅವರು ದೋಣಿಗೆ ಕಾಲಿಟ್ಟದ್ದು ಅದೇ ಮೊದಲು. ಒಳಗೆ ತಲೆ ಹಾಕಿದವರೇ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು.

“ಮಗಾ, ನಂಗೆ ಬಿಳಿ ಬಿಟ್ರೆ ಬೇರೆ ಎಂತದೂ ಕಾಂತಿಲ್ಲೆ.”

ಸತ್ಯ ಹೇಳುತ್ತೇನೆ, ಒಳಗೊಳಗೇ ಮುನಿಸು ಬಂತು. ಬೆವರು ಸುರಿಸಿ ಮಾಡಿದ್ದು. ಆದರೆ ಅವರ ಮುಖ ನೋಡಿದಾಗ ಮುನಿಸು ಉಳಿಯಲಿಲ್ಲ. ಆ ಮುಖದಲ್ಲಿ ಇದ್ದದ್ದು ನೋವಲ್ಲ, ಹೆದರಿಕೆ. ಇಷ್ಟು ಬೆಳಕಿನಲ್ಲೂ ಕಾಣದಿದ್ದರೆ ಇನ್ನು ಕಾಣುವುದೇ ಇಲ್ಲ ಎಂಬ ಹೆದರಿಕೆ. ತಪ್ಪು ನಿಮ್ಮ ಕಣ್ಣಿನದಲ್ಲ, ನನ್ನ ದೀಪದ್ದು ಎಂದು ಹೇಳಿ ಎಲ್ಲವನ್ನೂ ಕಳಚಿದೆ.

ಮಾರನೆಯ ದಿನ ಹಳದಿ ಬೆಳಕಿನ ಪಟ್ಟಿಗಳನ್ನು ತಂದೆ. ಈ ಸಲ ಮಾಡಿಗೆ ಹಾಕಲಿಲ್ಲ. ಚಿಕ್ಕಿಯನ್ನೇ ಸ್ಟವ್ ಮುಂದೆ ಕೂರಿಸಿದೆ. ಹಲಗೆಯ ಅಂಚಿನ ಅಡಿಯಲ್ಲಿ ಪಟ್ಟಿ ಹಿಡಿದು ಇಲ್ಲಿ ಸರಿಯೇ, ಇನ್ನೂ ಕೆಳಗೆಯೇ ಎಂದು ಕೇಳುವುದು, ಅವರು ಲೋಟದ ಕಡೆ ಕೈ ಚಾಚಿ ನೋಡಿ ಹೇಳುವುದು. ದೀಪ ಕಣ್ಣಿಗೆ ಕಾಣಬಾರದು, ಬೆಳಕು ಮಾತ್ರ ಕೈಯ ಮೇಲೆ ಬೀಳಬೇಕು. ಅದಕ್ಕೆ ಮಧ್ಯಾಹ್ನದ ಊಟವೂ ತಡವಾಯಿತು, ಚಿಕ್ಕಿಗೆ ಬೇಸರವಾಗಲಿಲ್ಲ. ಕೊನೆಗೆ ಮೆಟ್ಟಿಲಿನ ಮುಂದಿನ ಅಂಚಿನ ಅಡಿಯಲ್ಲಿ ಒಂದು ಸಣ್ಣ ಪಟ್ಟಿ ಅಂಟಿಸಿದೆ. ಎಲ್ಲ ಹೊತ್ತಿಸಿ, ಬಾಗಿಲಿಗೂ ಕಿಟಕಿಗಳಿಗೂ ಗೋಣಿ ಇಳಿಬಿಟ್ಟು ಕತ್ತಲೆ ಮಾಡಿ, ಈಗ ನೋಡಿ ಎಂದೆ. ಅವರ ಕೈ ತಡಕಾಡಲಿಲ್ಲ, ನೇರ ಹೋಗಿ ಲೋಟ ಹಿಡಿಯಿತು. ಇನ್ನೊಂದು ಕೈ ಅವಲಕ್ಕಿ ಡಬ್ಬಿ ಹಿಡಿಯಿತು. ಚಿಕ್ಕಿ ಸಣ್ಣ ಹುಡುಗಿಯ ಹಾಗೆ ನಕ್ಕರು. ನಾನು ಸ್ಕ್ರೂ ಹುಡುಕುವವನಂತೆ ಆಚೆ ತಿರುಗಿ ಕಣ್ಣು ಒರೆಸಿಕೊಂಡೆ.

ಆ ಸಂಜೆ ಚಿಕ್ಕಯ್ಯ ವಂಡ್ಸೆಯಿಂದ ಬರುವಾಗ ಹೊತ್ತು ಮುಳುಗಿತ್ತು. ಚಿಕ್ಕಿ ಕ್ಯಾಬಿನ್ನಿನಲ್ಲಿ ಚಾಕ್ಕೆ ನೀರಿಟ್ಟಿದ್ದರು, ನಾನು ದಡದಲ್ಲಿ ಸಾಮಾನು ಕಟ್ಟುತ್ತಿದ್ದೆ. ಚಿಕ್ಕಯ್ಯ ದೂರದಲ್ಲೇ ನಿಂತುಬಿಟ್ಟರು. ದೋಣಿಯ ಪುಟ್ಟ ಕಿಟಕಿಗಳಿಂದ ಹಳದಿ ಬೆಳಕು ಹೊಳೆಯ ನೀರಿಗೆ ಬಿದ್ದಿತ್ತು. ಮೆಚ್ಚಿದರು ಎಂದುಕೊಂಡು ಎದೆ ಉಬ್ಬಿಸಿ ನಿಂತೆ. ಅವರು ಹತ್ತಿರ ಬಂದು, ಸೋತ ದನಿಯಲ್ಲಿ ಹೇಳಿದರು.

“ಮಗಾ, ನಾ ದೊಡ್ಡದ್ ಮಾಡ್ ಅಂದದ್ದ್ ಹೀಂಗಲ್ಲ ಮರಾಯ.”

ಆ ಕ್ಷಣಕ್ಕೆ ನೆನಪಾದದ್ದು ನನ್ನ ಅಜ್ಜಿ, ಅಂದರೆ ಚಿಕ್ಕಯ್ಯನ ತಾಯಿ. ರಾತ್ರಿ ಮಲಗುವ ಮೊದಲು ದೇವರ ಮುಂದಿನ ದೀಪದ ಬತ್ತಿಯನ್ನು ಎಣ್ಣೆಗೆ ಎಳೆಯುತ್ತ ಅವರು ದೀಪ ದೊಡ್ಡದು ಮಾಡಿದೆ ಎನ್ನುತ್ತಿದ್ದರು. ಆರಿಸುವುದು, ನಂದಿಸುವುದು ಎಂಬ ಮಾತು ದೀಪಕ್ಕೆ ಆಡಬಾರದು. ಮನೆ ಬೆಳಗಿದ್ದಕ್ಕೆ ಅಂಥ ಮಾತೇ? ಹಾಗಾಗಿ ಆರಿಸಿದರೂ ದೊಡ್ಡದು ಮಾಡಿದೆ ಎನ್ನುವುದು ನಮ್ಮ ಮನೆಯ ವಾಡಿಕೆ. ಕರೆಂಟು ಬಂದ ಮೇಲೆ ಬಲ್ಬಿಗೆ ಯಾರೂ ಆ ಮಾತು ಆಡಲಿಲ್ಲ, ಬಲ್ಬನ್ನು ನಾವೆಲ್ಲ ಆಫ್ ಮಾಡುತ್ತೇವೆ. ಇಡೀ ದಿನ ವಾಟ್, ವೋಲ್ಟ್ ಎನ್ನುವ ನನ್ನ ತಲೆಗೆ ದೊಡ್ಡದು ಅಂದರೆ ದೊಡ್ಡದೇ. ಚಿಕ್ಕಯ್ಯನಿಗೆ ಮಾತ್ರ ಆ ರಿಕ್ಷಾ ಬಲ್ಬುಗಳೂ ದೀಪವೇ ಆಗಿದ್ದವು. ಅವರು ನನ್ನಿಂದ ಕೇಳಿದ್ದು ದೋಣಿಯ ದೀಪವನ್ನು ಕೊನೆಯ ಸಲ ಆರಿಸಿ, ಕಳಚಿಬಿಡು ಎಂದು. ಕೈ ಬರುವುದಿಲ್ಲ ಅಂದದ್ದು ಕೆಲಸ ಬಾರದ್ದಕ್ಕಲ್ಲ, ಮನಸ್ಸು ಬಾರದ್ದಕ್ಕೆ. ವಂಡ್ಸೆಗೆ ಹೋದದ್ದು ಅದನ್ನು ಕಣ್ಣಾರೆ ನೋಡಬಾರದು ಎಂದು.

ಅಷ್ಟರಲ್ಲಿ ಚಿಕ್ಕಿ ಚಾ ಲೋಟ ಹಿಡಿದು ಕ್ಯಾಬಿನ್ನಿನ ಬಾಗಿಲಿಗೆ ಬಂದರು. ಚಿಕ್ಕಯ್ಯ ಹಾರಿ ದೋಣಿಗೆ ಹತ್ತಿ ಕೈ ಮುಂದೆ ಚಾಚಿದರು, ಎಲ್ಲಿ ಬೀಳುತ್ತಾರೋ ಎಂದು. ಚಿಕ್ಕಿ ಆ ಕೈ ಹಿಡಿಯಲಿಲ್ಲ. ಬೆಳಗಿದ ಮೆಟ್ಟಿಲನ್ನು ಒಮ್ಮೆ ನೋಡಿ, ಅದರ ಮೇಲೆ ಕಾಲಿಟ್ಟು, ಮೇಲೆ ಬಂದು, ಚಾಚಿದ ಆ ಕೈಗೇ ಲೋಟ ಕೊಟ್ಟರು. ಒಂದು ಹನಿ ಚೆಲ್ಲಲಿಲ್ಲ. ಚಿಕ್ಕಯ್ಯ ಲೋಟ ಹಿಡಿದು ಹಾಗೇ ನಿಂತರು. ಬಗ್ಗಿ ಮೆಟ್ಟಿಲಿನ ಬೆಳಕು ನೋಡಿ ಕೇಳಿದರು.

“ಮೆಟ್ಲ್ ಕಾಂತಾ?”

“ಮೆಟ್ಲೂ ಕಾಂತ್, ನಿಮ್ಮ ಮೋರೆಯೂ ಕಾಂತ್,” ಎಂದರು ಚಿಕ್ಕಿ. “ಗಡ್ಡ ತೆಗೀದೇ ಮನೆಒಕ್ಕಲಿಗ್ ಹೋದ್ರ್ಯಾ?”

ಚಿಕ್ಕಯ್ಯ ಗಲ್ಲ ಸವರಿಕೊಂಡರು. ದೋಣಿಯ ಅಂಚಿನ ಮೇಲೆ ಕೂತು, ರೆಸಾರ್ಟಿನವರಿಗೆ ಆಗಲಿ ಎಂದುಬಿಟ್ಟಿದ್ದೇನೆ, ನಾಳೆ ನೋಡಿಕೊಂಡು ಹೋಗಲು ಬರುತ್ತಾರೆ ಎಂದು ತಪ್ಪು ಮಾಡಿದವರಂತೆ ಹೇಳಿದರು. ಬರಲಿ, ಚಾ ಕುಡಿದು ಹೋಗಲಿ ಎಂದು ಚಿಕ್ಕಿ ಮತ್ತೆ ಮೆಟ್ಟಿಲಿಳಿದು ಒಳಗೆ ಹೋದರು. ಅದರಾಚೆ ಆ ವಿಷಯ ಅವರ ನಡುವೆ ಬಂದದ್ದು ನನಗೆ ಗೊತ್ತಿಲ್ಲ. ಬಂದವರು ನಿಜವಾಗಿಯೂ ಚಾ ಕುಡಿದೇ ಹೋದರು. ಒಳ್ಳೆಯ ಮನುಷ್ಯ, ದೋಣಿ ಕೊಡುವುದಿಲ್ಲ ಎಂದದ್ದಕ್ಕೆ ಜಗಳವಾಡಲಿಲ್ಲ. ಹೋಗುವಾಗ ಕ್ಯಾಬಿನ್ನಿನ ಬೆಳಕು ಹೊಗಳಿ, ತಮ್ಮ ತೋಟಕ್ಕೂ ಇಂಥದೇ ಹಾಕಿಕೊಡುತ್ತೀರಾ ಎಂದು ನನ್ನನ್ನು ಕೇಳಿದರು. ಬಿಡುವಿಲ್ಲ ಎಂದೆ. ಬಿಡುವು ಬೇಕಾದಷ್ಟಿತ್ತು.

ಆದರೆ ನನಗೊಂದು ಸಂಶಯ ಕೊರೆಯುತ್ತಲೇ ಇತ್ತು. ನನ್ನ ಅಜ್ಜಿ ಚಿಕ್ಕಿಗೆ ಅತ್ತೆ. ಅತ್ತೆಯ ಆ ಮಾತನ್ನು ಚಿಕ್ಕಿ ಆ ಮನೆಯಲ್ಲಿ ರಾತ್ರಿ ರಾತ್ರಿ ಕೇಳಿದವರು, ಅತ್ತೆ ಹೋದ ಮೇಲೆ ಆ ದೀಪವನ್ನು ತಾವೇ ದೊಡ್ಡದು ಮಾಡುತ್ತ ಬಂದವರು. ಅವರಿಗೆ ಅರ್ಥವಾಗದೆ ಇರಲು ಸಾಧ್ಯವೇ? ಹೊಸ ದೀಪದಲ್ಲಿ ಮೊದಲ ಸಲ ಅಳಿವೆಗೆ ಹೋದ ಸಂಜೆ ನನ್ನನ್ನೂ ಕರೆದಿದ್ದರು. ಚಿಕ್ಕಯ್ಯ ಹಿಂದೆ ಚುಕ್ಕಾಣಿ ಹಿಡಿದಿದ್ದಾಗ ಕ್ಯಾಬಿನ್ನಿನಲ್ಲಿ ಮೆಲ್ಲಗೆ ಕೇಳಿಯೇಬಿಟ್ಟೆ.

“ಗೊತ್ತಿತ್ತ್,” ಎಂದರು ಚಿಕ್ಕಿ, ಲೋಟಕ್ಕೆ ಸಕ್ಕರೆ ಹಾಕುತ್ತ. “ನಿಂಗ್ ಗೊತ್ತಿಲ್ದಿದ್ದದ್ದೇ ಒಳ್ಳೆದಾಯ್ತ್.”

ಹೊರಗಿನಿಂದ ಒಂದು ಹ್ವಾಯ್ ಕೇಳಿತು. ಚಾ ಕೇಳುವ ಹ್ವಾಯ್ ಎಂದು ಈಗ ನನಗೂ ತಿಳಿಯಿತು. ಚಿಕ್ಕಿ ಎದ್ದು ಮೆಟ್ಟಿಲು ಹತ್ತಿ ಹೋದರು.

ತಿರುಗಿ ದಡ ಮುಟ್ಟುವಾಗ ಪೂರ್ತಿ ಕತ್ತಲಾಗಿತ್ತು. ಚಿಕ್ಕಯ್ಯ ಹಾಯಿ ಸುತ್ತಿ, ಹಗ್ಗ ಕಟ್ಟಿ, ಎಲ್ಲ ಮುಗಿದ ಮೇಲೆ ಕ್ಯಾಬಿನ್ನಿನ ಬಾಗಿಲಲ್ಲಿ ಬಗ್ಗಿ ಸ್ವಿಚ್ಚಿಗೆ ಕೈ ಹಾಕಿದರು. ಹಳೇ ಅಭ್ಯಾಸ, ಬಾಯಲ್ಲಿ ಅದೇ ಮಾತು ಬಂತು, ದೀಪ ದೊಡ್ಡದು ಮಾಡುತ್ತೇನೆ ಎಂದು. ದಡದಲ್ಲಿ ನನ್ನ ತೋಳು ಹಿಡಿದು ನಿಂತಿದ್ದ ಚಿಕ್ಕಿ ಕೂಗಿ ಹೇಳಿದರು.

“ಹ್ವಾಯ್, ದೊಡ್ಡದ್ ಮಾಡುದ್ ಬ್ಯಾಡ. ಆಫ್ ಮಾಡಿ, ಸಾಕ್. ನಾಳೆ ಮತ್ತೆ ಹಾಕುಕ್ ಇತ್ತಲೆ.”

ಚಿಕ್ಕಯ್ಯ ಆಫ್ ಮಾಡಿದರು.